ಒಂದೇ ಕಂಪನಿ, ತಂಡಕ್ಕೊಂದು ಮನಸ್ಥಿತಿ: ಕೆಲಸದ ತೃಪ್ತಿಯನ್ನು ನಾವು ಅಳೆಯುವ ಬಗೆ

ಸಾವಿರಾರು ಜನರಿರುವ ಕಂಪನಿಯಲ್ಲಿ ವರ್ಷಕ್ಕೊಮ್ಮೆ ಸರ್ವೆ ಮಾಡಿ, ‘ಉದ್ಯೋಗಿಗಳ ತೃಪ್ತಿ ಐದಕ್ಕೆ 3.7’ ಎಂದು ಟೌನ್‌ಹಾಲ್‌ನ, ಅಂದರೆ ಎಲ್ಲ ಉದ್ಯೋಗಿಗಳ ಸಭೆಯ, ಪರದೆ ಮೇಲೆ ಹಾಕಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಸಂಬಳದ ಶ್ರೇಣಿ ಒಂದೇ, ವಿಮೆ ಒಂದೇ, ಕ್ಯಾಂಟೀನ್ ಒಂದೇ, ರಜೆಯ ನಿಯಮ ಒಂದೇ. ಆದರೂ ಮೂರನೇ ಮಹಡಿಯ ತಂಡದಿಂದ ಜನ ಕದಲುವುದಿಲ್ಲ. ನಾಲ್ಕನೇ ಮಹಡಿಯಲ್ಲಿ ಆರು ತಿಂಗಳಿಗೊಮ್ಮೆ ಹೋದರೆ ಅರ್ಧ ಮುಖಗಳು ಹೊಸವು. ಈ ವ್ಯತ್ಯಾಸ ನಿಜವೇ, ನಿಜವಾದರೆ ಎಲ್ಲಿಂದ ಬರುತ್ತದೆ ಎಂಬುದನ್ನು ಬೆಂಗಳೂರಿನ ಐಟಿ ಸೇವೆಯ ಕಂಪನಿಗಳಲ್ಲಿ ನಾವು ಹೇಗೆ ಪತ್ತೆ ಮಾಡುತ್ತೇವೆ ಎನ್ನುವುದನ್ನು ಇಲ್ಲಿ ಬರೆದಿದ್ದೇನೆ. ಎಚ್‌ಆರ್‌ನಲ್ಲಿರುವವರಿಗೂ, ಸ್ವಂತ ತಂಡದ ಅಂಕ ಕೈಗೆ ಬಂದು ತಲೆ ಕೆರೆದುಕೊಳ್ಳುತ್ತಿರುವ ಮ್ಯಾನೇಜರ್‌ಗಳಿಗೂ ಇದು ಬಳಕೆಗೆ ಬರಬಹುದು.

ಮೊದಲು ತಂಡ ಎಂದರೆ ಯಾರ್‍ಯಾರು ಎಂದು ಗೊತ್ತು ಮಾಡಿಕೊಳ್ಳಬೇಕು. ಎಚ್‌ಆರ್ ಸಾಫ್ಟ್‌ವೇರ್‌ನ ‘ರಿಪೋರ್ಟಿಂಗ್ ಮ್ಯಾನೇಜರ್’ ಕಾಲಂ ನಂಬಿ ಗುಂಪು ಮಾಡಿದರೆ ಲೆಕ್ಕ ಅಲ್ಲೇ ಕೆಡುತ್ತದೆ. ಕಾಗದದ ಮೇಲೆ ಒಬ್ಬರ ಕೆಳಗಿದ್ದು, ದಿನದ ಕೆಲಸ ಇನ್ನೊಬ್ಬ ಲೀಡ್ ಜೊತೆ ಮಾಡುವವರು ಸೇವಾ ಕಂಪನಿಗಳಲ್ಲಿ ಬೇಕಾದಷ್ಟು. ಪುಣೆಯ ಮ್ಯಾನೇಜರ್ ಹೆಸರಿನಲ್ಲಿ ಬೆಂಗಳೂರಿನವರೂ ಮೈಸೂರಿನವರೂ ಇರುತ್ತಾರೆ. ಬೆಂಚ್ ಮೇಲಿರುವವರನ್ನೆಲ್ಲ, ಅಂದರೆ ಸದ್ಯ ಯಾವ ಪ್ರಾಜೆಕ್ಟೂ ಇಲ್ಲದವರನ್ನೆಲ್ಲ, ಒಬ್ಬ ಪೂಲ್ ಮ್ಯಾನೇಜರ್ ಹೆಸರಿಗೆ ಸೇರಿಸಿರುತ್ತಾರೆ. ಅವರನ್ನೂ ತಂಡ ಎಂದು ಎಣಿಸಿದರೆ ಪಟ್ಟಿಯ ತಳದಲ್ಲಿ ಅದೇ ಕೂರುತ್ತದೆ, ಅದು ತಂಡವೇ ಅಲ್ಲದಿದ್ದರೂ. ಹಾಗಾಗಿ ಸರ್ವೆಗೆ ಎರಡು ವಾರ ಮೊದಲೇ, ಸರ್ವೆಗೆ ಸಂಬಂಧವಿಲ್ಲದ ಹಾಗೆ, ಪಟ್ಟಿಯನ್ನು ಸರಿಪಡಿಸಿಕೊಳ್ಳುತ್ತೇವೆ. ಕೇಳುವುದು ಎರಡೇ: ಬೆಳಗಿನ ಸ್ಟ್ಯಾಂಡಪ್‌ನಲ್ಲಿ (ದಿನದ ಕೆಲಸದ ಬಗ್ಗೆ ಮಾತಾಡುವ ಚುಟುಕು ಮೀಟಿಂಗ್) ಯಾರ ಕಾಲ್‌ಗೆ ಸೇರುತ್ತೀರಿ? ನಾಳೆ ರಜೆ ಬೇಕೆಂದರೆ ಮೊದಲು ಯಾರಿಗೆ ಮೆಸೇಜ್ ಹಾಕುತ್ತೀರಿ? ಎರಡಕ್ಕೂ ಬೇರೆ ಬೇರೆ ಹೆಸರು ಬಂದರೆ ಸ್ಟ್ಯಾಂಡಪ್‌ನ ಹೆಸರನ್ನೇ ಹಿಡಿಯುತ್ತೇವೆ. ಎರಡು ಪ್ರಾಜೆಕ್ಟ್‌ಗೆ ಹಂಚಿಹೋದವರನ್ನು ಹೆಚ್ಚು ಹೊತ್ತು ಕಳೆಯುವ ಕಡೆಗೆ ಸೇರಿಸುತ್ತೇವೆ. ತಂಡಕ್ಕೆ ಬಂದು ಮೂರು ತಿಂಗಳಾಗದವರನ್ನು ತಂಡದ ಸರಾಸರಿಯಿಂದ ಹೊರಗಿಡುತ್ತೇವೆ. ಹೊಸದಾಗಿ ಸೇರಿದವರ ಅಂಕ ಸಾಮಾನ್ಯವಾಗಿ ಮೇಲಿರುತ್ತದೆ, ಆಮೇಲೆ ಇಳಿಯುತ್ತದೆ. ಅರ್ಧ ಜನ ಹೊಸಬರೇ ಆಗಿರುವ ತಂಡ ಸುಖವಾಗಿರುವಂತೆ ಕಂಡರೆ, ಹಳಬರು ಬಿಟ್ಟುಹೋದದ್ದರಿಂದ ಹಾಗೆ ಕಾಣುತ್ತಿರಬಹುದು.

ಪ್ರಶ್ನೆಗಳು 12ರಿಂದ 14 ಸಾಕು, ಮೊಬೈಲ್‌ನಲ್ಲಿ ಐದು ನಿಮಿಷದಲ್ಲಿ ಮುಗಿಯಬೇಕು. ಅರವತ್ತು ಪ್ರಶ್ನೆ ಇಟ್ಟರೆ ಇಪ್ಪತ್ತರ ನಂತರ ಜನ ಎಲ್ಲಕ್ಕೂ ‘3’ ಒತ್ತುತ್ತಾ ಹೋಗುತ್ತಾರೆ. ‘ಒಟ್ಟಾರೆ ನಿಮ್ಮ ಕೆಲಸ ನಿಮಗೆ ತೃಪ್ತಿ ಕೊಟ್ಟಿದೆಯೇ’ ಎನ್ನುವುದು ಒಂದೇ ಒಂದು. ಉಳಿದವೆಲ್ಲ ನಡೆದದ್ದನ್ನು ಕೇಳಬೇಕು, ಭಾವನೆಯನ್ನಲ್ಲ. ‘ಕೆಲಸ ಮತ್ತು ಬದುಕಿನ ಸಮತೋಲನ ಹೇಗಿದೆ’ ಎಂದು ಕೇಳಿದರೆ ಉತ್ತರದಿಂದ ಏನು ಮಾಡಬೇಕೆಂದೇ ಗೊತ್ತಾಗುವುದಿಲ್ಲ. ‘ಕಳೆದ ಎರಡು ವಾರದಲ್ಲಿ ರಾತ್ರಿ ಒಂಬತ್ತರ ನಂತರ ಎಷ್ಟು ದಿನ ಕಾಲ್‌ನಲ್ಲಿದ್ದಿರಿ’, ‘ಕಳೆದ ಸಲ ರಜೆ ಕೇಳಿದಾಗ ಎಷ್ಟು ದಿನಕ್ಕೆ ಉತ್ತರ ಬಂತು’, ‘ನೀವು ಮಾಡಿದ ಕೆಲಸ ಯಾರ ಬಳಕೆಗೆ ಹೋಯಿತು ಎಂದು ನಿಮಗೆ ಗೊತ್ತೇ’, ‘ಈ ತಿಂಗಳು ನಿಮ್ಮ ಕೆಲಸದ ಬಗ್ಗೆ ಯಾರಾದರೂ ನಿರ್ದಿಷ್ಟವಾಗಿ ಏನಾದರೂ ಹೇಳಿದರೇ’ ಎಂದು ಕೇಳಿದರೆ ಕೈಗೆ ಹಿಡಿಯುವಂಥದ್ದು ಸಿಗುತ್ತದೆ. ತಪ್ಪಾದಾಗ ಹೆದರದೆ ಹೇಳಿಕೊಳ್ಳಬಹುದೇ ಎನ್ನುವ ಪ್ರಶ್ನೆಯನ್ನು ಎಂದೂ ಬಿಡುವುದಿಲ್ಲ. ಹಾರ್ವರ್ಡ್‌ನ ಸಂಶೋಧಕಿ ಏಮಿ ಎಡ್ಮಂಡ್ಸನ್ 1999ರಲ್ಲಿ ತಂಡಗಳ ಈ ಗುಣದ ಬಗ್ಗೆ ಬರೆದ ಮೇಲೆ, ಗೂಗಲ್ ತನ್ನದೇ ಸುಮಾರು 180 ತಂಡಗಳನ್ನು ನೋಡಿ ಇದನ್ನೇ ಮೊದಲ ಸ್ಥಾನದಲ್ಲಿಟ್ಟಿತು. ಗೂಗಲ್ ಅಳೆದದ್ದು ತಂಡದ ಸಾಮರ್ಥ್ಯವನ್ನು, ತೃಪ್ತಿಯನ್ನಲ್ಲ. ಆದರೂ ನಮ್ಮ ಲೆಕ್ಕದಲ್ಲಿ ತಂಡದಿಂದ ತಂಡಕ್ಕೆ ಇಷ್ಟು ಏರಿಳಿಯುವ ಪ್ರಶ್ನೆ ಇನ್ನೊಂದಿಲ್ಲ. ‘ಕೆಲಸ ಬಿಡಬೇಕೆಂದು ನನಗೆ ಅನ್ನಿಸುವುದಿಲ್ಲ’ ಎಂಬಂಥ ನಕಾರದ ವಾಕ್ಯಗಳನ್ನು ಮಾತ್ರ ಇಡಬೇಡಿ. ಅದಕ್ಕೆ ‘ಒಪ್ಪುವುದಿಲ್ಲ’ ಒತ್ತಿದವರು ಏನು ಹೇಳಿದರು ಎಂದು ಅವರಿಗೇ ಗೊತ್ತಿರುವುದಿಲ್ಲ.

ಇದರ ಜೊತೆ ಒಂದು ಪ್ರಶ್ನೆಯನ್ನು ಬೇಕೆಂದೇ ಸೇರಿಸುತ್ತೇವೆ: ‘ಕ್ಯಾಂಟೀನ್ ಊಟ ಹೇಗಿದೆ?’ ಊಟ ಸರಿಪಡಿಸುವ ಉದ್ದೇಶ ಇದರಲ್ಲಿಲ್ಲ. ಒಂದೇ ಕಟ್ಟಡದ ಎಲ್ಲರೂ ತಿನ್ನುವುದು ಅದೇ ಚಿತ್ರಾನ್ನ, ಅದೇ ಸಾರು. ಹಾಗಾಗಿ ಈ ಪ್ರಶ್ನೆಯ ಅಂಕ ತಂಡದಿಂದ ತಂಡಕ್ಕೆ ಹೆಚ್ಚು ಬದಲಾಗಬಾರದು. ಯಾವುದೋ ತಂಡ ಮ್ಯಾನೇಜರ್‌ಗೂ ಕಡಿಮೆ, ಕೆಲಸಕ್ಕೂ ಕಡಿಮೆ, ಊಟಕ್ಕೂ ಕಡಿಮೆ ಹಾಕಿದ್ದರೆ, ಅಲ್ಲಿ ಒಟ್ಟು ಮನಸ್ಸೇ ಕೆಟ್ಟಿದೆ ಅಥವಾ ಅವರು ಕೈ ಬಿಗಿಹಿಡಿದು ಅಂಕ ಕೊಡುವವರು. ಊಟಕ್ಕೆ ಎಲ್ಲರಂತೆ ಹಾಕಿ ‘ತಪ್ಪು ಹೇಳಿಕೊಳ್ಳಬಹುದು’ ಎನ್ನುವುದಕ್ಕೆ ಮಾತ್ರ ಕಡಿಮೆ ಹಾಕಿದ್ದರೆ, ಅವರು ಯೋಚಿಸಿಯೇ ಉತ್ತರಿಸಿದ್ದಾರೆ, ಆ ಅಂಕವನ್ನು ನಂಬಬಹುದು. ಊಟದ ಬದಲು ವಿಮೆ ಆಗಬಹುದು, ಲಿಫ್ಟ್ ಆಗಬಹುದು. ಕ್ಯಾಬ್ ಬೇಡ: ರಾತ್ರಿ ಪಾಳಿಯವರ ಕ್ಯಾಬ್ ಬೇರೆ, ಹಗಲಿನವರದ್ದು ಬೇರೆ.

ಸಮಯ. ಅಪ್ರೈಸಲ್ ಪತ್ರ ಕೈಗೆ ಬಂದು ಆರು ವಾರದೊಳಗೆ ಸರ್ವೆ ಮಾಡಿದರೆ ಸಂಬಳದ ಹೈಕ್‌ನ ಬಗ್ಗೆ ಇರುವ ಸಿಟ್ಟೋ ಸಂತೋಷವೋ ಅಳತೆಗೆ ಸಿಗುತ್ತದೆಯೇ ಹೊರತು ಬೇರೇನೂ ಇಲ್ಲ. ಸಾಫ್ಟ್‌ವೇರ್ ಬಿಡುಗಡೆಯಾಗುವ ರಿಲೀಸ್ ವಾರವೂ ಬೇಡ, ದಸರಾ-ದೀಪಾವಳಿಯ ನಡುವೆಯೂ ಬೇಡ. ನಮಗೆ ಒಗ್ಗಿರುವುದು ಜುಲೈ ಮತ್ತು ಜನವರಿಯ ಮಧ್ಯಭಾಗ, ಮಂಗಳವಾರ ಶುರು ಮಾಡಿ ಎಂಟು ದಿನ ತೆರೆದಿಡುವುದು.

ಈಗ ಲೆಕ್ಕ. ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಐದು ಅಂಕದ ಪ್ರಶ್ನೆಗೆ ವ್ಯಕ್ತಿಯಿಂದ ವ್ಯಕ್ತಿಗೆ ಆಗುವ ಚದುರುವಿಕೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, ಸುಮಾರು 1. ಒಂಬತ್ತು ಜನರ ತಂಡದ ಸರಾಸರಿಯಲ್ಲಿ ಇರುವ ಅನಿಶ್ಚಿತತೆ 1ನ್ನು 9ರ ವರ್ಗಮೂಲದಿಂದ ಭಾಗಿಸಿದಷ್ಟು, ಅಂದರೆ 0.33. ಎರಡು ಪಟ್ಟು ಹಿಡಿದರೆ ಆಚೆ ಈಚೆ 0.66. ಒಂಬತ್ತೊಂಬತ್ತು ಜನರ ಎರಡು ತಂಡಗಳಲ್ಲಿ ಒಂದಕ್ಕೆ 3.4, ಇನ್ನೊಂದಕ್ಕೆ 3.9 ಬಂದರೆ, ಆ ಅರ್ಧ ಅಂಕದ ಅಂತರ ಬರೀ ಆಕಸ್ಮಿಕ ಇರಬಹುದು. ಒಬ್ಬರಿಗೆ ಆ ದಿನ ಸಿಲ್ಕ್ ಬೋರ್ಡ್‌ನ ಟ್ರಾಫಿಕ್‌ನಲ್ಲಿ ಎರಡು ಗಂಟೆ ಹೋಗಿದ್ದರೂ ಸಾಕು. ಆದರೆ ಎಕ್ಸೆಲ್‌ನಲ್ಲಿ ಕೆಂಪು, ಹಳದಿ, ಹಸಿರು ಬಣ್ಣ ಹಚ್ಚಿ ಕಳಿಸಿದ ಕೂಡಲೇ 3.4ರ ಮ್ಯಾನೇಜರ್ ‘ಕೆಂಪು’ ಆಗಿಬಿಡುತ್ತಾರೆ.

ತಂಡ ಎನ್ನುವುದು ಎಷ್ಟು ಮುಖ್ಯ ಎಂದು ಮೊದಲು ತಿಳಿಯಬೇಕು. ಎಕ್ಸೆಲ್‌ನ ಅನಾಲಿಸಿಸ್ ಟೂಲ್‌ಪ್ಯಾಕ್‌ನಲ್ಲಿ ‘ಅನೋವಾ: ಸಿಂಗಲ್ ಫ್ಯಾಕ್ಟರ್’ ಎಂಬ, ಗುಂಪುಗಳ ನಡುವಿನ ವ್ಯತ್ಯಾಸ ಅಳೆಯುವ ಲೆಕ್ಕ ಇದೆ. ಪ್ರತಿ ತಂಡಕ್ಕೆ ಒಂದು ಕಾಲಂನಂತೆ ಅಂಕಗಳನ್ನು ಹಾಕಿ ಓಡಿಸಿದರೆ ತಂಡಗಳ ನಡುವಿನ ‘ಎಂಎಸ್’ (ಮೀನ್ ಸ್ಕ್ವೇರ್, ಏರುಪೇರಿನ ಒಂದು ಅಳತೆ) ಮತ್ತು ತಂಡಗಳ ಒಳಗಿನ ‘ಎಂಎಸ್’ ಎಂದು ಎರಡು ಸಂಖ್ಯೆ ಬರುತ್ತವೆ. ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಇದು ಮೇಲಿನ ಸಂಖ್ಯೆ. ತಂಡದ ಸರಾಸರಿ ಗಾತ್ರದಿಂದ ಒಂದನ್ನು ಕಳೆದು, ಅದನ್ನು ಎರಡನೇ ‘ಎಂಎಸ್’ಗೆ ಗುಣಿಸಿ, ಮೊದಲನೇ ‘ಎಂಎಸ್’ಗೆ ಕೂಡಿಸಿ, ಇದು ಕೆಳಗಿನದು. ಭಾಗಿಸಿ. ನಡುವಿನದು 1.9, ಒಳಗಿನದು 0.95, ಗಾತ್ರ 10 ಎಂದಿಟ್ಟುಕೊಂಡರೆ ಮೇಲೆ 0.95, ಕೆಳಗೆ 10.45, ಉತ್ತರ 0.09. ಅಂದರೆ ಒಟ್ಟು ಏರುಪೇರಿನಲ್ಲಿ ಶೇ 9ರಷ್ಟು ಮಾತ್ರ ತಂಡಕ್ಕೆ ಸೇರಿದ್ದು. ಉಳಿದದ್ದು ಒಂದೇ ತಂಡದೊಳಗೆ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸ. ಇಂಥ ಸರ್ವೆಗಳಲ್ಲಿ ಈ ಅಂಕಿ ಸಾಮಾನ್ಯವಾಗಿ 0.05ರಿಂದ 0.20ರೊಳಗೆ ಬೀಳುತ್ತದೆ.

ಕೇಳಿದವರಿಗೆ ಇದು ನಿರಾಸೆ. ‘ಮ್ಯಾನೇಜರ್‌ನಿಂದಲೇ ಶೇ 70’ ಎಂದು ಎಲ್ಲೋ ಓದಿರುತ್ತಾರೆ. ಸಮೀಕ್ಷಾ ಸಂಸ್ಥೆ ಗ್ಯಾಲಪ್ 2015ರಲ್ಲಿ ಹೇಳಿದ್ದು, ಘಟಕದಿಂದ ಘಟಕಕ್ಕೆ ಇರುವ ವ್ಯತ್ಯಾಸದಲ್ಲಿ ಕನಿಷ್ಠ ಶೇ 70 ಮ್ಯಾನೇಜರ್‌ಗೆ ಸೇರುತ್ತದೆ ಎಂದು. ಒಬ್ಬೊಬ್ಬರ ತೃಪ್ತಿಯಲ್ಲಿ ಶೇ 70 ಎಂದಲ್ಲ. ಘಟಕಗಳ ನಡುವಿನ ಪಾಲೇ ಒಟ್ಟಿನಲ್ಲಿ ಶೇ 10 ಆಗಿದ್ದರೆ, ಅದರ ಶೇ 70 ಎಂದರೆ ಒಟ್ಟಿನ ಶೇ 7. ಹಾಗಂತ ಅದು ಕ್ಷುಲ್ಲಕವಲ್ಲ. ಒಬ್ಬರ ಸ್ವಭಾವವನ್ನು ಕಂಪನಿ ಬದಲಿಸಲಾರದು, ತಂಡ ನಡೆಯುವ ರೀತಿಯನ್ನು ಬದಲಿಸಬಹುದು. ಕೈಗೆ ಎಟಕುವ ಪಾಲು ಅದೇ.

ಮುಂದಿನ ಹೆಜ್ಜೆ, ಆಕಸ್ಮಿಕದ ಪಾಲನ್ನು ತಗ್ಗಿಸಲು, ತಂಡದ ಅಂಕವನ್ನು ಕಂಪನಿಯ ಸರಾಸರಿಯ ಕಡೆಗೆ ಎಳೆಯುವುದು. ಮೇಲಿನ ಲೆಕ್ಕದಲ್ಲಿ ಸಿಕ್ಕ ತಂಡದ ಪಾಲು 0.10 ಎಂದಾದರೆ ಸೂತ್ರ ಬಲು ಸರಳ: ಉತ್ತರಿಸಿದವರ ಸಂಖ್ಯೆಯನ್ನು, ಅದೇ ಸಂಖ್ಯೆಗೆ 9 ಕೂಡಿಸಿ ಬಂದದ್ದರಿಂದ ಭಾಗಿಸಿ. ಒಂಬತ್ತು ಜನ ಇದ್ದರೆ 9/18, ಅಂದರೆ 0.5. ಕಂಪನಿಯದು 3.7, ತಂಡದ್ದು 3.1 ಇದ್ದರೆ 0.6ರ ಕೊರತೆಯಲ್ಲಿ ಅರ್ಧವನ್ನು ಮಾತ್ರ ನಂಬಿ, 3.4 ಎಂದು ಬರೆದುಕೊಳ್ಳಿ. ಮೂವತ್ತು ಜನರ ತಂಡಕ್ಕೆ ಅದೇ 3.1 ಬಂದರೆ 30/39, ಅಂದರೆ 0.77, ಆಗ 3.24. ಐದೇ ಜನ ಉತ್ತರಿಸಿದ್ದರೆ 5/14, ಮೂರರಲ್ಲಿ ಒಂದು ಪಾಲಿಗಿಂತ ಚೂರು ಹೆಚ್ಚು ನಂಬಿಕೆ. ಈ 9 ಬಂದದ್ದು 0.90ನ್ನು 0.10ರಿಂದ ಭಾಗಿಸಿ, ನಿಮ್ಮಲ್ಲಿ ಪಾಲು 0.05 ಇದ್ದರೆ 9ರ ಜಾಗದಲ್ಲಿ 19 ಹಾಕಿ. ಹೀಗೆ ಎಳೆದ ಮೇಲೆ ಪಟ್ಟಿಯ ಮೇಲೂ ಕೆಳಗೂ ತುಂಬಿಕೊಂಡಿದ್ದ ಪುಟ್ಟ ತಂಡಗಳೆಲ್ಲ ಮಧ್ಯಕ್ಕೆ ಸರಿಯುತ್ತವೆ. ನಿಜಕ್ಕೂ ಬೇರೆಯಾಗಿರುವ ಕೆಲವು ತಂಡಗಳು ಮಾತ್ರ ಅಂಚಿನಲ್ಲಿ ಉಳಿಯುತ್ತವೆ. ಮಾತಾಡಬೇಕಾದ್ದು ಅವರ ಜೊತೆ.

ಅಂಕ ಹಂಚುವ ಮುನ್ನ ಗೋಪ್ಯತೆ. ಐದಕ್ಕಿಂತ ಕಡಿಮೆ ಜನ ಉತ್ತರಿಸಿದ ತಂಡದ ಅಂಕ ತೋರಿಸುವುದಿಲ್ಲ ಎಂಬ ನಿಯಮ ಬಹಳ ಕಡೆ ಇದೆ, ಅದಷ್ಟೇ ಸಾಲದು. ಒಂದು ವಿಭಾಗದಲ್ಲಿ 14 ಜನ, ಎರಡು ತಂಡ, 10 ಮತ್ತು 4. ವಿಭಾಗದ ಅಂಕ 3.6, ದೊಡ್ಡ ತಂಡದ್ದು 3.9 ಎಂದು ತೋರಿಸಿ ನಾಲ್ವರದ್ದನ್ನು ಮರೆಮಾಡಿದ್ದೀರಿ ಎಂದುಕೊಳ್ಳಿ. ಮ್ಯಾನೇಜರ್ 14ನ್ನು 3.6ಕ್ಕೆ ಗುಣಿಸಿ 50.4, ಅದರಲ್ಲಿ 39 ಕಳೆದು 11.4, ನಾಲ್ಕರಿಂದ ಭಾಗಿಸಿ 2.85 ಎಂದು ಟೀ ಆರುವಷ್ಟರಲ್ಲಿ ಕಂಡುಹಿಡಿಯುತ್ತಾರೆ. ಅಂಥ ಕಡೆ ಎರಡು ತಂಡದ್ದನ್ನೂ ಮುಚ್ಚಿ ವಿಭಾಗದ್ದನ್ನು ಮಾತ್ರ ಕೊಡಬೇಕು. ಬರಹದ ಅಭಿಪ್ರಾಯಗಳಂತೂ ಇನ್ನೂ ಅಪಾಯ. ‘ಹೆರಿಗೆ ರಜೆಯಿಂದ ಬಂದ ಮೇಲೆ ನನಗೆ ಸರಿಯಾದ ಕೆಲಸವೇ ಕೊಟ್ಟಿಲ್ಲ’ ಎಂದು ಒಬ್ಬರು ಬರೆದರೆ ಹೆಸರು ಬರೆದ ಹಾಗೆಯೇ. ತಂಡದ ಮಟ್ಟದಲ್ಲಿ ನಾವು ಮೂಲ ವಾಕ್ಯಗಳನ್ನು ಕೊಡುವುದೇ ಇಲ್ಲ, ವಿಷಯವನ್ನಷ್ಟೇ ಕೊಡುತ್ತೇವೆ. ಲಿಂಕ್ ಒಬ್ಬೊಬ್ಬರಿಗೂ ಬೇರೆ ಇದ್ದರೆ, ಯಾರು ಬರೆದರೆಂದು ವ್ಯವಸ್ಥೆಗೆ ಗೊತ್ತಿರುತ್ತದೆ, ಮ್ಯಾನೇಜರ್‌ಗೆ ಗೊತ್ತಾಗುವುದಿಲ್ಲ ಎಂದು ಮೊದಲೇ ನೇರವಾಗಿ ಹೇಳಿಬಿಡಬೇಕು. ಎಂಜಿನಿಯರ್‌ಗಳು ಲಿಂಕ್‌ನ ಬಾಲ ನೋಡಿಯೇ ಅದನ್ನು ಪತ್ತೆ ಮಾಡುತ್ತಾರೆ, ಸುಳ್ಳು ಹೇಳಿದ ಮೇಲೆ ಮುಂದಿನ ಸಲ ಎಲ್ಲಕ್ಕೂ 4 ಬರುತ್ತದೆ.

ಇಷ್ಟಾದ ಮೇಲೆ ಅಂಚಿನಲ್ಲಿ ಉಳಿದ ತಂಡಗಳಲ್ಲಿ ಏನು ಬೇರೆ ಎಂದು ಹುಡುಕುವುದು. ಮ್ಯಾನೇಜರ್ ಮೇಲೆ ಬೆರಳು ಹೋಗುವ ಮೊದಲು ಗಡಿಯಾರ ನೋಡಬೇಕು. ಕ್ಲೈಂಟ್ ಕಡೆ ಬೆಳಿಗ್ಗೆ 9:30ರ ಮೀಟಿಂಗ್ ಎಂದಿಟ್ಟುಕೊಳ್ಳಿ. ಕ್ಲೈಂಟ್ ಲಂಡನ್‌ನಲ್ಲಿದ್ದರೆ ಅಲ್ಲಿನ ಬೇಸಿಗೆಯಲ್ಲಿ ಇಲ್ಲಿ ಮಧ್ಯಾಹ್ನ 2, ಚಳಿಗಾಲದಲ್ಲಿ 3. ನ್ಯೂಯಾರ್ಕ್ ಆದರೆ ಸಂಜೆ 7 ಮತ್ತು 8. ಕ್ಯಾಲಿಫೋರ್ನಿಯಾ ಆದರೆ ರಾತ್ರಿ 10 ಮತ್ತು 11. ನವೆಂಬರ್‌ನ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿದರೆ, ಇಲ್ಲಿನವರ ರಾತ್ರಿ ಊಟ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಮಾರ್ಚ್‌ನ ಎರಡನೇ ಭಾನುವಾರದವರೆಗೆ ಹಾಗೇ. ಆದ್ದರಿಂದ ಕ್ಯಾಲಿಫೋರ್ನಿಯಾ ತಂಡದ ಜನವರಿಯ ಅಂಕವನ್ನು ಅದೇ ತಂಡದ ಜುಲೈಗೆ ಹೋಲಿಸಿ ‘ಇಳಿದಿದೆ’ ಎಂದು ಗಾಬರಿಯಾಗಬಾರದು, ಹಿಂದಿನ ಜನವರಿಗೆ ಹೋಲಿಸಬೇಕು. ಲಂಡನ್ ತಂಡದ ಮ್ಯಾನೇಜರ್‌ಗೆ ಪ್ರಶಸ್ತಿ ಕೊಡುವ ಮುನ್ನವೂ ಇದು ನೆನಪಿರಲಿ.

ಎರಡನೆಯದು ಆನ್‌ಕಾಲ್, ಅಂದರೆ ಕೆಲಸದ ಹೊತ್ತು ಮುಗಿದ ಮೇಲೂ ತೊಂದರೆ ಬಂದರೆ ಫೋನ್ ಎತ್ತುವ ಸರದಿ. ತಿಂಗಳಿಗೆ ಎಷ್ಟು ಸಲ ರಾತ್ರಿ ಫೋನ್ ಬಂತು ಎನ್ನುವುದಕ್ಕಿಂತ, ಬಂದವುಗಳಲ್ಲಿ ಎಷ್ಟಕ್ಕೆ ನಿಜವಾಗಿ ಎದ್ದು ಏನಾದರೂ ಮಾಡಬೇಕಿತ್ತು ಎನ್ನುವುದು ಮುಖ್ಯ. ಸುಮ್ಮನೆ ಬಡಿದುಕೊಳ್ಳುವ ಅಲರ್ಟ್‌ಗೆ ಮೂರು ಗಂಟೆಗೆ ಎದ್ದು, ನೋಡಿ, ಮತ್ತೆ ಮಲಗುವವರಿಗೆ ನಾಳೆಯೂ ಇದೇ ಎಂದು ಗೊತ್ತಿರುತ್ತದೆ. ಸರದಿಯಲ್ಲಿ ನಾಲ್ಕಕ್ಕಿಂತ ಕಡಿಮೆ ಜನ ಇದ್ದರೆ ತಿಂಗಳಿಗೊಂದು ವಾರಕ್ಕಿಂತ ಹೆಚ್ಚು ಒಬ್ಬರ ಮೇಲೆ ಬೀಳುತ್ತದೆ. ಅಂಥ ತಂಡದ ಅಂಕ ಎಷ್ಟೇ ಒಳ್ಳೆಯ ಮ್ಯಾನೇಜರ್ ಬಂದರೂ ಏರುವುದಿಲ್ಲ.

ಮೂರನೆಯದು ಕೆಲಸದ ಸ್ವರೂಪ. ಸಂಶೋಧಕರಾದ ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ 1970ರ ದಶಕದಲ್ಲೇ ಪಟ್ಟಿ ಮಾಡಿದ ಐದು ಗುಣಗಳು ಇವತ್ತಿಗೂ ಸಾಕು: ಬೇರೆ ಬೇರೆ ಕೌಶಲ ಬೇಕೇ, ಮೊದಲಿನಿಂದ ಕೊನೆಯವರೆಗೆ ಒಂದು ಕೆಲಸ ಕೈಯಲ್ಲಿರುತ್ತದೆಯೇ, ಅದರಿಂದ ಯಾರಿಗಾದರೂ ಉಪಯೋಗವಿದೆಯೇ, ತೀರ್ಮಾನ ತಾವೇ ತೆಗೆದುಕೊಳ್ಳಬಹುದೇ, ಫಲಿತಾಂಶ ಕಣ್ಣಿಗೆ ಬೀಳುತ್ತದೆಯೇ. ಟಿಕೆಟ್, ಅಂದರೆ ಬಳಕೆದಾರರ ದೂರು, ಬಂದರೆ ಎರಡನೇ ಹಂತಕ್ಕೆ ತಳ್ಳುವ ಸಪೋರ್ಟ್ ತಂಡದಲ್ಲಿ ಐದೂ ಸೊನ್ನೆಯ ಹತ್ತಿರ. ಅಂಥಲ್ಲಿ ಶುಕ್ರವಾರದ ಆಟ, ಪಿಜ್ಜಾ ಏನೂ ಮಾಡುವುದಿಲ್ಲ. ಟಿಕೆಟ್ ತೆಗೆದುಕೊಂಡವರೇ ಮುಚ್ಚುವವರೆಗೆ ಹಿಂಬಾಲಿಸಲಿ ಎಂಬ ಒಂದು ಬದಲಾವಣೆ ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಬೆಲ್ ಕರ್ವ್, ಅಂದರೆ ಇಂತಿಷ್ಟು ಜನರಿಗೆ ಇಂಥ ಶ್ರೇಣಿ ಎಂದು ಮೊದಲೇ ಗೊತ್ತುಮಾಡುವ ಪದ್ಧತಿ, ಇರುವ ಕಂಪನಿಯಲ್ಲಿ ಇನ್ನೊಂದು ಕಾರಣವೂ ಸಿಗುತ್ತದೆ. ಎಂಟು ಜನರ ತಂಡದಲ್ಲೂ ಒಬ್ಬರನ್ನು ತಳಕ್ಕೆ ಹಾಕಲೇಬೇಕು ಎಂದರೆ, ಎಲ್ಲರೂ ಚೆನ್ನಾಗಿ ಕೆಲಸ ಮಾಡುವ ತಂಡಕ್ಕೇ ಏಟು ಜಾಸ್ತಿ. ಮೈಕ್ರೋಸಾಫ್ಟ್ ಈ ಪದ್ಧತಿಯನ್ನು 2013ರ ನವೆಂಬರ್‌ನಲ್ಲಿ ಕೈಬಿಟ್ಟಿತು. ಬಿಡಲಾಗದಿದ್ದರೆ, ಅನುಪಾತವನ್ನು ತಂಡದ ಮಟ್ಟದಲ್ಲಿ ಹೇರದೆ ನೂರಾರು ಜನರ ವಿಭಾಗದ ಮಟ್ಟದಲ್ಲಿ ಇಡಬಹುದು.

ಇವೆಲ್ಲ ಕಳೆದ ಮೇಲೂ ಉಳಿಯುವುದು ಮ್ಯಾನೇಜರ್. ಅಲ್ಲಿ ನಮಗೆ ಎದ್ದು ಕಾಣುವುದು ದೊಡ್ಡ ಗುಣಗಳಲ್ಲ. ರಜೆಯ ಅರ್ಜಿಯನ್ನು ನಾಲ್ಕು ದಿನ ಹಾಗೇ ಇಟ್ಟುಕೊಳ್ಳುವುದು, ಊರಿಗೆ ಬಸ್ ಟಿಕೆಟ್ ತೆಗೆದವರಿಗೆ ಹಿಂದಿನ ಸಂಜೆ ‘ರಿಲೀಸ್ ಇದೆ’ ಎನ್ನುವುದು, ಕ್ಲೈಂಟ್ ಎದುರು ಜೂನಿಯರ್ ಹೆಸರು ಹಿಡಿದು ತಪ್ಪು ಹೇಳುವುದು. ರಜೆಯ ದತ್ತಾಂಶ ಸಾಫ್ಟ್‌ವೇರ್‌ನಲ್ಲೇ ಇರುತ್ತದೆ: ಅರ್ಜಿ ಹಾಕಿದ ದಿನಕ್ಕೂ ಒಪ್ಪಿದ ದಿನಕ್ಕೂ ಇರುವ ಅಂತರವನ್ನು ತಂಡವಾರು ತೆಗೆದು ತೃಪ್ತಿಯ ಅಂಕದ ಪಕ್ಕ ಇಟ್ಟು ನೋಡಿ. ರಾಜೀನಾಮೆಯ ಲೆಕ್ಕ ಇದಕ್ಕೆ ಒದಗುವುದಿಲ್ಲ. 90 ದಿನದ ನೋಟಿಸ್ ಪೀರಿಯಡ್ ಇರುವಲ್ಲಿ ಇವತ್ತು ಹೊರಹೋಗುವವರು ಮನಸ್ಸು ಮಾಡಿ ಎಷ್ಟೋ ತಿಂಗಳಾಗಿರುತ್ತದೆ. ಕಂಪನಿಯೊಳಗಿನ ಬೇರೆ ಹುದ್ದೆಗೆ ಅರ್ಜಿ ಹಾಕುವವರ ಸಂಖ್ಯೆ ಅದಕ್ಕಿಂತ ಬೇಗ ಸುಳಿವು ಕೊಡುತ್ತದೆ.

ಅಂಕದ ನಂತರ ಮಾತು. ಐದಾರು ಜನರ ಗುಂಪು, 45 ನಿಮಿಷ, ಮ್ಯಾನೇಜರ್ ಇಲ್ಲದೆ, ಬೇರೆ ಮಹಡಿಯಲ್ಲಿ. ಗಾಜಿನ ಕೋಣೆ ಬೇಡ. ಯಾರು ಮಾತಾಡುತ್ತಿದ್ದಾರೆಂದು ಹೊರಗಿನಿಂದ ಕಾಣುತ್ತದೆ. ‘ಸಮಸ್ಯೆ ಏನು’ ಎಂದು ಶುರು ಮಾಡಿದರೆ ಹಿರಿಯರಿಬ್ಬರು ಮಾತಾಡುತ್ತಾರೆ, ಫ್ರೆಷರ್‌ಗಳು ತಲೆಯಾಡಿಸುತ್ತಾರೆ. ಮೊದಲು ಚೀಟಿ ಕೊಟ್ಟು ‘ಕಳೆದ ವಾರ ಸಮಯ ಹಾಳಾದ ಒಂದು ಸಂದರ್ಭ’ ಬರೆಸಿ, ಕಲಸಿ, ನಾವೇ ಓದುತ್ತೇವೆ. ಚೀಟಿಗಳನ್ನು ಅಲ್ಲೇ ಹರಿದು ಹಾಕುತ್ತೇವೆ. ಕೊನೆಗೆ ಮ್ಯಾನೇಜರ್‌ಗೆ ತಲುಪುವುದು ಎರಡೇ ವಿಷಯ, ಅದೂ ಅವರ ಕೈಯಲ್ಲೇ ಬದಲಿಸಬಹುದಾದದ್ದು. ಎಂಟು ವಿಷಯ ಕೊಟ್ಟರೆ ಒಂದೂ ಆಗುವುದಿಲ್ಲ. ಅಂಕವನ್ನು ಮ್ಯಾನೇಜರ್‌ನ ವೇರಿಯಬಲ್ ಪೇಗೆ, ಅಂದರೆ ಸಾಧನೆ ನೋಡಿ ಕೊಡುವ ಸಂಬಳದ ಪಾಲಿಗೆ, ಕಟ್ಟಬೇಡಿ ಎಂದು ಮೇಲಿನವರಿಗೆ ಪ್ರತಿ ಸಲ ಹೇಳಬೇಕಾಗುತ್ತದೆ. ಕಟ್ಟಿದ ವರ್ಷ ‘ಎಲ್ಲರೂ 5 ಹಾಕ್ರಪ್ಪ, ಪಾರ್ಟಿ ನನ್ನದು’ ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುತ್ತದೆ, ಅಂಕವೂ ಬರುತ್ತದೆ.

ಆರು ತಿಂಗಳ ನಂತರ ಮತ್ತೆ ಅಳೆದಾಗ ಒಂದು ಎಚ್ಚರಿಕೆ. 3.1 ಬಂದ ಒಂಬತ್ತು ಜನರ ತಂಡ, ಯಾರೂ ಏನೂ ಮಾಡದಿದ್ದರೂ, ಮುಂದಿನ ಸಲ 3.4ರ ಆಸುಪಾಸಿಗೆ ಬರುವುದೇ ಸಹಜ. ಮೇಲೆ ಎಳೆದು ತೆಗೆದ ಅಂಕಿಯ ಅರ್ಥವೇ ಅದು. ತರಬೇತಿ ಕೊಡುವ ಸಂಸ್ಥೆಗಳು ‘ನಮ್ಮ ಕಾರ್ಯಾಗಾರದ ನಂತರ 0.3 ಏರಿತು’ ಎಂದು ತೋರಿಸುವ ಸ್ಲೈಡ್‌ಗಳಲ್ಲಿ ಬಹುಪಾಲು ಇದೇ ಇರುತ್ತದೆ. ಹಾಗಾಗಿ ಅಂಚಿನಲ್ಲಿರುವ ತಂಡಗಳನ್ನು ಚೀಟಿ ಎತ್ತಿ ಎರಡು ಪಾಲು ಮಾಡಿ, ಒಂದು ಪಾಲಿಗೆ ಈ ಆರು ತಿಂಗಳು, ಇನ್ನೊಂದಕ್ಕೆ ಮುಂದಿನ ಆರು ತಿಂಗಳು ಕೆಲಸ ಶುರು ಮಾಡುತ್ತೇವೆ. ಕಿರುಕುಳದ ದೂರು ಇರುವ ತಂಡ ಈ ಚೀಟಿಯೊಳಗೆ ಬರುವುದಿಲ್ಲ, ಅದಕ್ಕೆ ಅವತ್ತೇ ಕ್ರಮ. ಮೊದಲ ಪಾಲು 3.5ಕ್ಕೂ, ಕಾಯುತ್ತಿರುವ ಪಾಲು 3.4ಕ್ಕೂ ಬಂದಿದ್ದರೆ ನಾವು ಮಾಡಿದ್ದರಿಂದ ಆದದ್ದು ಹೆಚ್ಚೆಂದರೆ 0.1, ಸ್ಲೈಡ್‌ನಲ್ಲಿ ಅಷ್ಟನ್ನೇ ಬರೆಯುತ್ತೇವೆ.